ವಿಕ್ಟೋರಿಯಾದಲ್ಲಿ ಕಡವೆ ಬೇಟೆಗೆ ಮೊದಲ ರೈಫಲ್: ಯಾವ ಕ್ಯಾಲಿಬರ್ ತಗೊಳ್ಳಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮೆಲ್ಬರ್ನ್‌ಗೆ ಬಂದು ಒಂಬತ್ತು ವರ್ಷ ಆಯಿತು. ಊರು ತೀರ್ಥಹಳ್ಳಿ ಕಡೆ. ಹೋದ ತಿಂಗಳು ಲಾಂಗ್‌ಆರ್ಮ್ (ಉದ್ದ ಕೋವಿ) ಲೈಸೆನ್ಸ್ ಕೈಗೆ ಬಂತು, ಎ ಮತ್ತು ಬಿ ಎರಡೂ ಕೆಟಗರಿ. ಗೇಮ್ ಲೈಸೆನ್ಸ್‌ಗೂ, ಅಂದರೆ ಬೇಟೆಯ ಪರವಾನಗಿಗೂ, ಅರ್ಜಿ ಹಾಕಿದ್ದೇನೆ. ಈಗ ಮೊದಲ ರೈಫಲ್ ಕೊಳ್ಳಬೇಕು.

ಈ ಹುಚ್ಚು ಹೇಗೆ ಹಿಡಿಯಿತು ಅಂತ ಹೇಳಿಬಿಡುತ್ತೇನೆ. ಹೋದ ಚಳಿಗಾಲದಲ್ಲಿ ಗೆಳೆಯನೊಬ್ಬನ ಜೊತೆ ಜೇಮಿಸನ್ ಹತ್ತಿರದ ಕಾಡಿಗೆ ಹೋಗಿದ್ದೆ. ಕೋವಿ ಅವನದು, ನಾನು ಹಿಂದೆ ನಡೆದವನು ಅಷ್ಟೇ. ಬೆಳಗಿನ ಜಾವ ಕಣಿವೆಯ ಆಚೆಯಿಂದ 'ಢಾಂಕ್' ಅಂತ ಒಂದು ಕೂಗು ಬಂತು. ಮೈ ಜುಮ್ಮೆಂದಿತು. ಚಿಕ್ಕವನಿದ್ದಾಗ ಅಜ್ಜನ ಮನೆಯ ತೋಟದ ಆಚೆ, ರಾತ್ರಿ ಹೊತ್ತು ಕೇಳುತ್ತಿದ್ದ ಕೂಗು ಅದೇ. ನಮ್ಮ ಕಡವೆ! ಇಲ್ಲಿನವರು ಸಾಂಬರ್ ಅನ್ನುತ್ತಾರೆ. ಅವತ್ತು ಅದು ಕಣ್ಣಿಗೆ ಬೀಳಲಿಲ್ಲ. ಆದರೆ ಮನೆಗೆ ಬಂದ ಮೇಲೂ ಕಿವಿಯಿಂದ ಹೋಗಲಿಲ್ಲ.

ಈಗ ಪ್ರಶ್ನೆ, ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ ಎಷ್ಟಿರಬೇಕು? ಅಂಗಡಿಯೊಂದರಲ್ಲಿ 6.5 ಕ್ರೀಡ್‌ಮೂರ್ ತೋರಿಸಿದರು. ಒದೆತ ಕಡಿಮೆ, ಗುರಿ ಚೆನ್ನ, ಎಲ್ಲ ಜಿಂಕೆಗೂ ಆಗುತ್ತೆ ಅಂದರು. ಗೆಳೆಯ .308 ತಗೋ ಅನ್ನುತ್ತಾನೆ. ಯೂಟ್ಯೂಬ್ ನೋಡಿದರೆ ತಲೆ ಕೆಡುತ್ತದೆ. ರೈಫಲ್, ಸ್ಕೋಪ್, ಮೌಂಟ್ ಎಲ್ಲ ಸೇರಿ ಮೂರು ಸಾವಿರ ಡಾಲರ್ ಒಳಗೆ ಮುಗಿಯಬೇಕು. ಇನ್ನೊಂದು ವಿಷಯ, ನಾನು ಎಡಚ. ಕಸ್ಟಮ್ ಮಾಡಿಸುವ ಶಕ್ತಿ ಇಲ್ಲ, ಫ್ಯಾಕ್ಟರಿ ರೈಫಲ್ಲೇ ಬೇಕು.

ಕೋವಿಮನೆ

ತುಂಗಾತೀರ ಅವರೇ, ಮೊದಲು ಆ 6.5 ಕ್ರೀಡ್‌ಮೂರ್ ಪಕ್ಕಕ್ಕಿಡಿ. ಕಡವೆಗೆ ಅದನ್ನು ಬಳಸುವುದು ವಿಕ್ಟೋರಿಯಾದಲ್ಲಿ ಕಾನೂನುಬಾಹಿರ.

ಇಲ್ಲಿನ ನಿಯಮ ಹೀಗಿದೆ. ಕಡವೆ, ರೆಡ್ ಡಿಯರ್, ರೂಸಾ ಜಿಂಕೆಗಳಿಗೆ ಕನಿಷ್ಠ .270 ಇಂಚಿನ ಕ್ಯಾಲಿಬರ್, ಅಂದರೆ 6.85 ಮಿಲಿಮೀಟರ್. ಗುಂಡಿನ ತೂಕ ಕನಿಷ್ಠ 130 ಗ್ರೇನ್ (ಗುಂಡಿನ ತೂಕ ಹೇಳುವ ಸಣ್ಣ ಅಳತೆ). ಫಾಲೋ, ಹಾಗ್ ಡಿಯರ್, ಚಿತಾಲ್‌ನಂಥ ಸಣ್ಣ ಜಾತಿಗಳಿಗೆ .243 ಮತ್ತು 80 ಗ್ರೇನ್ ಸಾಕು. 6.5 ಕ್ರೀಡ್‌ಮೂರ್ ಗುಂಡಿನ ದಪ್ಪ .264 ಇಂಚು. ಕೂದಲೆಳೆಯಷ್ಟು ಕಡಿಮೆ, ಆದರೂ ಕಡಿಮೆಯೇ. ಫಾಲೋ ಹೊಡೆಯಲು ಅದು ಬಲು ಚೆಂದದ ಕ್ಯಾಲಿಬರ್, ನನ್ನ ಹತ್ತಿರವೂ ಒಂದಿದೆ. ಆದರೆ ನಿಮಗೆ ಬೇಕಿರುವುದು ಕಡವೆ ಅಲ್ವಾ? ಕೊಳ್ಳುವ ಮುಂಚೆ ಇಲ್ಲಿ ಬೇಟೆಯ ನಿಯಮ ನೋಡಿಕೊಳ್ಳುವ ಗೇಮ್ ಮ್ಯಾನೇಜ್‌ಮೆಂಟ್ ಅಥಾರಿಟಿಯ ಪುಟವನ್ನು ಒಮ್ಮೆ ನೀವೇ ಓದಿ. ಅಂಗಡಿಯವರ ಮಾತು, ನನ್ನ ಮಾತು, ಯಾವುದನ್ನೂ ಹಾಗೇ ನಂಬಬೇಡಿ. ತಪ್ಪಾದರೆ ಲೈಸೆನ್ಸ್ ಹೋಗುವುದು ನಿಮ್ಮದು.

ಮೊದಲ ಕೋವಿಗೆ ಪೊಲೀಸರ ಪರ್ಮಿಟ್ ಸಿಗುವ ಮುಂಚೆ 28 ದಿನ ಕಾಯಬೇಕು. ಆ ದಿನಗಳಲ್ಲಿ ಈ ಚರ್ಚೆ ಎಲ್ಲ ಮಾಡಿ ಮುಗಿಸೋಣ.

ನಾನು ವಿರಾಜಪೇಟೆ ಕಡೆಯವನು, ಈಗ ಬೇರ್ನ್ಸ್‌ಡೇಲ್‌ನಲ್ಲಿ ಇದ್ದೇನೆ. ಹದಿನಾಲ್ಕು ವರ್ಷದಿಂದ ಕಡವೆ ಹಿಂದೆ ಬಿದ್ದಿದ್ದೇನೆ. ನಮ್ಮ ಮನೆಯಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತಿದ್ದರು. ಆ ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸುವ ಕೆಲಸ ಮಕ್ಕಳದು, ನನಗೆ ಅದೇ ದೊಡ್ಡ ಸಂಭ್ರಮ. ಕೋವಿ ಮುಟ್ಟುವಾಗ ಇರಬೇಕಾದ ಭಯಭಕ್ತಿ ನನಗೆ ಅಲ್ಲಿಂದ ಬಂದದ್ದು.

ನನ್ನ ಸಲಹೆ: .308 ವಿಂಚೆಸ್ಟರ್. ಕಾರಣ ಆಮೇಲೆ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊತ್ತಾಯಿತು.

ಬೆಟ್ಟದಹಾದಿ

ಕೋವಿಮನೆ ಅಣ್ಣನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, .270 ವಿಂಚೆಸ್ಟರ್ ಮರೆಯಬೇಡಿ. 1925ರಲ್ಲಿ ಬಂದ ಕಾಡತೂಸು, ನೂರು ವರ್ಷ ಆದರೂ ಅದರ ಹತ್ತಿರ ಬರುವವರು ಕಡಿಮೆ. 130 ಗ್ರೇನ್ ಗುಂಡು ಸೆಕೆಂಡಿಗೆ ಹೆಚ್ಚುಕಡಿಮೆ 3,060 ಅಡಿ ವೇಗದಲ್ಲಿ ಹೊರಡುತ್ತದೆ. ನಾನು ಡಾರ್ಗೋ ಮೇಲಿನ ಬೋಳುಗುಡ್ಡಗಳಲ್ಲಿ ಜಾಸ್ತಿ ಓಡಾಡುತ್ತೇನೆ. ಈ ದಿಬ್ಬದಿಂದ ಆ ದಿಬ್ಬಕ್ಕೆ ಇನ್ನೂರು, ಇನ್ನೂರೈವತ್ತು ಮೀಟರ್. ಅಲ್ಲಿ .270 ನೆಟ್ಟಗೆ ಹೋಗುತ್ತದೆ, ಲೆಕ್ಕ ಹಾಕುವ ತಲೆನೋವಿಲ್ಲ. ಭುಜಕ್ಕೂ ಹಿತ.

ಹೈಕಂಟ್ರಿ_ಕನ್ನಡಿಗ

ನನ್ನ ಅನುಭವ ಬೇರೆ. ಬೆಳೆದ ಗಂಡು ಕಡವೆ ಇನ್ನೂರು ಕಿಲೋ ದಾಟುತ್ತದೆ. ಅದು ಜಿಂಕೆ ಅನ್ನುವುದಕ್ಕಿಂತ ಎಮ್ಮೆಗೆ ಹತ್ತಿರ. ನಾನು .300 ವಿಂಚೆಸ್ಟರ್ ಮ್ಯಾಗ್ನಮ್ ಬಳಸುತ್ತೇನೆ, 180 ಗ್ರೇನ್. ಓರೆಯಾಗಿ ನಿಂತಿದ್ದರೂ ಗುಂಡು ಒಳಗಿನ ತನಕ ಹೋಗುತ್ತದೆ ಅನ್ನುವ ಧೈರ್ಯ ಇರುತ್ತೆ. ಗಾಯಗೊಂಡು ಬ್ಲಾಕ್‌ಬೆರಿ ಪೊದೆಯೊಳಗೆ ನುಗ್ಗಿದರೆ ಆಮೇಲೆ ಸಿಗುವುದು ಕಷ್ಟ. ದೊಡ್ಡ ಪ್ರಾಣಿಗೆ ದೊಡ್ಡ ಗುಂಡು, ನನಗೆ ಇಷ್ಟೇ ಗೊತ್ತು.

ಗುರಿಗಾರ

ಹೈಕಂಟ್ರಿ ಅವರೇ, ನಿಮ್ಮ ಕೈಯಲ್ಲಿ .300 ಸರಿ ಇರಬಹುದು. ನಿಮಗೆ ವರ್ಷಗಳ ಅಭ್ಯಾಸ ಇದೆ. ಆದರೆ ಮೊದಲ ರೈಫಲ್ ಆಗಿ ಅದನ್ನು ಹೇಳಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ನಾನು ಲಿಟಲ್ ರಿವರ್ ಹತ್ತಿರದ ಈಗಲ್ ಪಾರ್ಕ್ ರೇಂಜ್‌ಗೆ ತಪ್ಪದೆ ಹೋಗುವವನು. ಹೊಸಬರು ಹಗುರ ರೈಫಲ್‌ನಲ್ಲಿ ಮ್ಯಾಗ್ನಮ್ ಹಿಡಿದು ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಈಡಿಗೆ ಭುಜ ಬೆಚ್ಚುತ್ತದೆ. ಮೂರನೇ ಈಡಿಗೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಐದನೆಯದು ಕಾಗದದ ಮೇಲೇ ಇರುವುದಿಲ್ಲ. ಒಂದು ಪರೀಕ್ಷೆ ಹೇಳುತ್ತೇನೆ. ಗೆಳೆಯನಿಗೆ ರೈಫಲ್ ಕೊಟ್ಟು, ನಿಮಗೆ ಕಾಣದ ಹಾಗೆ ಒಮ್ಮೆ ಗುಂಡು ಹಾಕಿ, ಒಮ್ಮೆ ಖಾಲಿ ಇಟ್ಟು ಕೊಡಲು ಹೇಳಿ. ಖಾಲಿ ಇದ್ದಾಗ ಟ್ರಿಗರ್ ಎಳೆದರೆ ನಳಿಗೆಯ ತುದಿ ಕೆಳಕ್ಕೆ ಕುಕ್ಕುತ್ತದಾ ನೋಡಿ. ಕುಕ್ಕಿದರೆ ಆ ಕ್ಯಾಲಿಬರ್ ನಿಮಗೆ ಸದ್ಯಕ್ಕೆ ಬೇಡ. ನಾನು ಮೊದಲ ವರ್ಷ ಈ ಪರೀಕ್ಷೆಯಲ್ಲಿ ಬಿದ್ದವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದೇ ತೂಕದ ರೈಫಲ್‌ನಲ್ಲಿ .308ರ ಒದೆತಕ್ಕೆ ಹೋಲಿಸಿದರೆ .300 ಮ್ಯಾಗ್ನಮ್ ಒದೆತ ಒಂದೂವರೆ ಪಟ್ಟಿಗಿಂತ ಜಾಸ್ತಿ. ಇಲ್ಲಿ ಸೈಲೆನ್ಸರ್ ಹಾಕುವ ಹಾಗೂ ಇಲ್ಲ. ನಳಿಗೆಯ ತುದಿಗೆ ಮಜಲ್ ಬ್ರೇಕ್ ಅನ್ನುವ ತೂತಿನ ಕೊಳವೆ ಹಾಕಿದರೆ ಒದೆತ ಇಳಿಯುತ್ತೆ, ಕಿವಿ ಹೋಗುತ್ತೆ.

ಹಸಿರುಕಣ್ಣು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಬೇಟೆಯವಳಲ್ಲ. ಭದ್ರಾ ಕಾಡಿನಲ್ಲಿ ಕಡವೆ ನೋಡಿ ಬೆಳೆದವಳು. ಊರಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದನ್ನು ಮುಟ್ಟಿದರೆ ಜೈಲು. ಜಗತ್ತಿನ ಮಟ್ಟದಲ್ಲೂ ಅದು ಅಪಾಯದ ಅಂಚಿನ ಪಟ್ಟಿಯಲ್ಲಿದೆ. ಅದೇ ಪ್ರಾಣಿಯನ್ನು ನಮ್ಮವರೇ ಇಲ್ಲಿ ಕೊಲ್ಲುವ ಮಾತು ಓದುವಾಗ ಸಂಕಟ ಆಗುತ್ತದೆ. ಜಗಳಕ್ಕೆ ಬಂದಿಲ್ಲ. ನಿಮ್ಮ ಮನಸ್ಸಿನಲ್ಲಿ ಇದು ಹೇಗೆ ಕೂತಿದೆ ಅಂತ ತಿಳಿಯಬೇಕು.

ಕೋವಿಮನೆ

ಹಸಿರುಕಣ್ಣು ಅವರೇ, ಕೇಳಿದ್ದು ಒಳ್ಳೆಯದಾಯಿತು. ನನಗೂ ಮೊದಲ ಸಲ ಕೈ ನಡುಗಿತ್ತು.

ಕಡವೆ ಈ ಮಣ್ಣಿನ ಪ್ರಾಣಿ ಅಲ್ಲ. 1860ರ ದಶಕದಲ್ಲಿ, ಹೊರದೇಶದ ಪ್ರಾಣಿಗಳನ್ನು ಇಲ್ಲಿ ನೆಲೆಗೊಳಿಸುತ್ತಿದ್ದ ಅಕ್ಲೈಮಟೈಸೇಷನ್ ಸೊಸೈಟಿಯವರು ಹಡಗಿನಲ್ಲಿ ತಂದು ಬಿಟ್ಟರು. ಇಲ್ಲಿ ಅದನ್ನು ಹಿಡಿಯುವ ಹುಲಿ ಇಲ್ಲ, ಸೀಳುನಾಯಿ ಇಲ್ಲ. ಗಿಪ್ಸ್‌ಲ್ಯಾಂಡ್‌ನಿಂದ ಎತ್ತರದ ಬೆಟ್ಟಗಳ ತನಕ ಹರಡಿಬಿಟ್ಟಿದೆ. ನೀವು ಒಮ್ಮೆ ಬೆಟ್ಟದ ಮೇಲಿನ ಜವುಗು ಹುಲ್ಲುಗಾವಲು ನೋಡಬೇಕು. ಸ್ಫ್ಯಾಗ್ನಮ್ ಪಾಚಿ ನೂರಾರು ವರ್ಷ ಬೆಳೆದು ನೀರು ಹಿಡಿದಿಟ್ಟುಕೊಂಡ ಜಾಗ. ಅದರೊಳಗೆ ಕಡವೆ ಹೊರಳಾಡಿ ಕೆಸರುಗುಂಡಿ ಮಾಡಿರುತ್ತದೆ. ಮರದ ತೊಗಟೆ ಕೊಂಬಿನಿಂದ ಸುಲಿದು ಗಿಡ ಒಣಗಿಸಿರುತ್ತದೆ. ಇಲ್ಲಿನ ಸಸ್ಯಗಳಿಗೆ ಅದು ಬೆದರಿಕೆ ಅಂತ ರಾಜ್ಯದ ಕಾಯಿದೆಯಲ್ಲೇ ಪಟ್ಟಿ ಮಾಡಿದ್ದಾರೆ.

ಭದ್ರಾದಲ್ಲಿ ಕಡವೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಕಡಿಮೆ ಆಗಬೇಕು. ಎರಡನ್ನೂ ನಾನು ಒಟ್ಟಿಗೆ ನಂಬುತ್ತೇನೆ. ಹೊಡೆದ ಪ್ರಾಣಿಯ ಮಾಂಸ ಪೂರ್ತಿ ಮನೆಗೆ ಒಯ್ಯುತ್ತೇನೆ. ಮಾರುವ ಹಾಗಿಲ್ಲ, ಮಾರುವುದೂ ಇಲ್ಲ.

ಅದು ನರಳಬಾರದು. ಈ ಕ್ಯಾಲಿಬರ್ ಮಾತೆಲ್ಲ ಅದಕ್ಕೇ. ನನ್ನ ಎರಡನೇ ವರ್ಷದಲ್ಲಿ ಲಿಕೋಲಾ ಹತ್ತಿರ ಒಂದು ಗಂಡು ಕಡವೆಗೆ ಹೊಡೆದೆ. ಮುಸ್ಸಂಜೆ. ದೂರ ಜಾಸ್ತಿ ಏನಿಲ್ಲ, ನೂರಿಪ್ಪತ್ತು ಮೀಟರ್. ಅದು ಓರೆಯಾಗಿ ನಿಂತಿತ್ತು, ನನಗೆ ಅವಸರ. ಗುಂಡು ಹಿಂದಕ್ಕೆ, ಹೊಟ್ಟೆಗೆ ಬಿತ್ತು. ಕತ್ತಲಾಯಿತು. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದರ ತನಕ ಹುಡುಕಿದೆ. ಜರಿಗಿಡದ ಎಲೆಯ ಮೇಲೆ ಹಸಿರು ಬೆರೆತ ರಕ್ತದ ಹನಿ, ಅಲ್ಲೊಂದು ಇಲ್ಲೊಂದು. ಕೊನೆಗೆ ತೊರೆಯ ನೀರಿನಲ್ಲಿ ಮಲಗಿತ್ತು, ಇನ್ನೂ ಜೀವ ಇತ್ತು. ನನ್ನ ಕಡೆ ನೋಡಿತು. ಅವತ್ತು ನನ್ನ ಕೈಯಲ್ಲಿದ್ದದ್ದು .300 ಮ್ಯಾಗ್ನಮ್. ಶಕ್ತಿ ಸಾಲದೆ ಆದದ್ದಲ್ಲ ಅದು. ನಾನು ಒದೆತಕ್ಕೆ ಹೆದರಿ ಟ್ರಿಗರ್ ಕಿತ್ತಿದ್ದೆ. ಮುಂದಿನ ತಿಂಗಳೇ ಅದನ್ನು ಮಾರಿ .308 ತಂದೆ.

ಹೈಕಂಟ್ರಿ_ಕನ್ನಡಿಗ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ, ಮೊದಲ ರೈಫಲ್‌ಗೆ .300 ಬೇಡ. ಆದರೆ ಗುಂಡು ಗಟ್ಟಿಯಾಗಿರಬೇಕು ಅನ್ನುವುದನ್ನು ಮಾತ್ರ ಬಿಡುವುದಿಲ್ಲ.

ಹಸಿರುಕಣ್ಣು

ಉತ್ತರಕ್ಕೆ ಧನ್ಯವಾದ. ನನ್ನ ಸಂಕಟ ಪೂರ್ತಿ ಹೋಗಲಿಲ್ಲ. ಆದರೆ ನೀವು ಬರೆದದ್ದು ಅರ್ಥವಾಯಿತು.

ಗುರಿಗಾರ

ಗುಂಡಿನ ವಿಷಯ ಹೈಕಂಟ್ರಿ ಅವರು ಹೇಳಿದ್ದು ಸರಿ. ಕ್ಯಾಲಿಬರ್ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ, ಗುಂಡಿನ ಬಗ್ಗೆ ಮಾತೇ ಆಡುವುದಿಲ್ಲ.

ಕಡವೆ ಕೆಸರಿನಲ್ಲಿ ಹೊರಳುವ ಪ್ರಾಣಿ. ಚರ್ಮ ದಪ್ಪ, ಅದರ ಮೇಲೆ ಒಣಗಿದ ಮಣ್ಣು, ಅದರ ಕೆಳಗೆ ಭುಜದ ಮೂಳೆ. ಮೆತ್ತಗಿನ ಗುಂಡು ಅಲ್ಲೇ ಚೂರುಚೂರಾಗುತ್ತದೆ. ಅಮೆರಿಕದ ಜಾನ್ ನಾಸ್ಲರ್‌ಗೆ ಆದದ್ದೂ ಇದೇ. 1946ರಲ್ಲಿ ಕೆನಡಾದಲ್ಲಿ ಕೆಸರು ಮೆತ್ತಿಕೊಂಡ ಮೂಸ್ ಒಂದಕ್ಕೆ ಹೊಡೆದರೆ ಗುಂಡು ಒಳಗೆ ಹೋಗಲೇ ಇಲ್ಲ. ಅವರು ಮನೆಗೆ ಬಂದು ತಾಮ್ರದ ಕವಚದ ನಡುವೆ ಅಡ್ಡಗೋಡೆ ಇರುವ ಗುಂಡು ಮಾಡಿದರು. ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ಸಾಗುತ್ತದೆ. ಅದೇ 1948ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಟಿಷನ್ ಗುಂಡು.

ಈಗ ಬಾಂಡೆಡ್ ಗುಂಡುಗಳಿವೆ, ಸೀಸ ಮತ್ತು ಕವಚ ಬೆಸೆದುಕೊಂಡಿರುತ್ತವೆ. ಪೂರ್ತಿ ತಾಮ್ರದವೂ ಇವೆ. .308ರಲ್ಲಿ 150ರಿಂದ 180 ಗ್ರೇನ್ ತನಕ ಫ್ಯಾಕ್ಟರಿ ಗುಂಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನನ್ನ ಆಯ್ಕೆ 165 ಬಾಂಡೆಡ್. ಆ ಕಡೆಯಿಂದ ಹೊರಗೆ ಬರಬೇಕು. ಎರಡು ತೂತಿದ್ದರೆ ರಕ್ತದ ಜಾಡು ಎದ್ದು ಕಾಣುತ್ತದೆ.

ತುಂಗಾತೀರ

ಕಣ್ಣು ತೆರೆಸಿದಿರಿ. 6.5 ಪರ್ಮಿಟ್‌ಗೆ ಅರ್ಜಿ ಹಾಕಿಬಿಡುವವನಿದ್ದೆ! ಹಾಗಾದರೆ .308, .270, ಜೊತೆಗೆ ನಾನೇ ಸೇರಿಸಿದ .30-06, ಈ ಮೂರರಲ್ಲಿ ಒಂದು. ಈಗ ರೈಫಲ್ ಯಾವುದು? ಟಿಕ್ಕಾ, ಹೋವಾ, ಬರ್ಗಾರಾ, ರೂಗರ್ ಅಮೆರಿಕನ್ ನೋಡಿದ್ದೇನೆ. ಎಡಗೈ ಬೋಲ್ಟ್ ಎಲ್ಲದರಲ್ಲೂ ಸಿಗಲ್ಲ.

ಕೋವಿಮನೆ

ಎಡಚರಿಗೆ ಟಿಕ್ಕಾ ಟಿ3ಎಕ್ಸ್ ಸುಲಭದ ದಾರಿ. ಫಿನ್ಲೆಂಡ್‌ನಲ್ಲಿ ಸಾಕೋ ಕಾರ್ಖಾನೆಯವರು ಮಾಡುವುದು, ಎಡಗೈ ಮಾದರಿಯೂ ಫ್ಯಾಕ್ಟರಿಯಿಂದಲೇ ಬರುತ್ತದೆ. ಬೋಲ್ಟ್ ಬೆಣ್ಣೆಯ ಹಾಗೆ ಜಾರುತ್ತದೆ, ಮೇಲೆತ್ತುವುದು 70 ಡಿಗ್ರಿ ಮಾತ್ರ, ಸ್ಕೋಪ್‌ಗೆ ಕೈ ತಾಗುವುದಿಲ್ಲ. ಟ್ರಿಗರ್ ಹಗುರ ಬಿಗಿ ಮಾಡಿಕೊಳ್ಳಬಹುದು.

ಹೋವಾ 1500 ಜಪಾನಿನದು. ಗಟ್ಟಿ ಕೆಲಸ, ಬೆಲೆ ಕಡಿಮೆ, ಸ್ವಲ್ಪ ಭಾರ. ಬಲಗೈಯವರಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಬರ್ಗಾರಾ ಸ್ಪೇನ್‌ನದು, ನಳಿಗೆ ಬಹಳ ಚೆನ್ನಾಗಿರುತ್ತದೆ. ರೂಗರ್ ಅಮೆರಿಕನ್ ಅಗ್ಗ, ಹಗುರ, ಸ್ಟಾಕ್ ಸ್ವಲ್ಪ ಬಾಗುತ್ತೆ ಅನ್ನಿಸಿತು. ಯಾವುದೂ ಕೆಟ್ಟದ್ದಲ್ಲ. ಈಗಿನ ಫ್ಯಾಕ್ಟರಿ ರೈಫಲ್‌ಗಳ ಗುರಿ ನಮ್ಮ ಕೈಗಿಂತ ಚೆನ್ನಾಗಿದೆ.

ಸ್ಟೇನ್‌ಲೆಸ್ ಮತ್ತು ಸಿಂಥೆಟಿಕ್ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ತಗೊಳ್ಳಿ. ಮರದ ಸ್ಟಾಕ್ ಕಣ್ಣಿಗೆ ಹಬ್ಬ. ಆದರೆ ಜುಲೈ ತಿಂಗಳ ಮಳೆಯಲ್ಲಿ ಮೂರು ದಿನ ಟೆಂಟ್‌ನಲ್ಲಿ ಇದ್ದರೆ ಮರ ಉಬ್ಬುತ್ತದೆ, ಕಬ್ಬಿಣಕ್ಕೆ ರಾತ್ರಿಯಲ್ಲೇ ತುಕ್ಕು. ಮಲೆನಾಡಿನವರಿಗೆ ಮಳೆ ಬಗ್ಗೆ ನಾನೇನು ಹೇಳುವುದು.

ಬೆಟ್ಟದಹಾದಿ

ಟಿಕ್ಕಾದಲ್ಲಿ ಒಂದು ವಿಶೇಷ ಇದೆ. ಎಲ್ಲ ಕ್ಯಾಲಿಬರ್‌ಗೂ ಆಕ್ಷನ್‌ನ, ಅಂದರೆ ಬೋಲ್ಟ್ ಕೂರುವ ಯಂತ್ರಭಾಗದ, ಉದ್ದ ಒಂದೇ. ಬೇರೆ ಕಂಪನಿಗಳಲ್ಲಿ .308 ತಗೊಂಡರೆ ಗಿಡ್ಡ ಆಕ್ಷನ್, ತೂಕ ಸ್ವಲ್ಪ ಉಳಿಯುತ್ತದೆ. ಟಿಕ್ಕಾದಲ್ಲಿ ಆ ಲಾಭ ಇಲ್ಲ. ಹಾಗಾಗಿ .270 ಅಥವಾ .30-06 ತಗೊಂಡರೂ ರೈಫಲ್ ಉದ್ದ ಆಗಲ್ಲ. ನಾನು ಇನ್ನೂ .270 ಪಕ್ಷವೇ.

ಗುರಿಗಾರ

ಸರಿಯಾದ ಮಾತು. ಆದರೆ ಟಿ3ಎಕ್ಸ್ ಲೈಟ್ ಸುಮಾರು 2.9 ಕಿಲೋ ಅಷ್ಟೇ. ಅಷ್ಟು ಹಗುರದಲ್ಲಿ .30-06 ಚೆನ್ನಾಗಿಯೇ ಒದೆಯುತ್ತೆ. .308 ತಡೆದುಕೊಳ್ಳಬಹುದು. .308 ಗುಂಡು ಅಗ್ಗ, ಎಲ್ಲೂ ಸಿಗುತ್ತೆ. ಹೊಸಬರಿಗೆ ಮೊದಲ ಆರು ತಿಂಗಳಲ್ಲಿ ಇನ್ನೂರು ಮುನ್ನೂರು ಈಡು ಬೇಕು, ಅದೂ ಬೆಂಚ್ ಮೇಲೆ ಕೂತು ಮಾತ್ರ ಅಲ್ಲ. ಮಂಡಿಯೂರಿ, ಮರಕ್ಕೆ ಒರಗಿ, ಉಸಿರು ಏರಿದಾಗ.

150 ಗ್ರೇನ್ .308ನ್ನು ನೂರು ಮೀಟರ್‌ಗೆ ಐದು ಸೆಂಟಿಮೀಟರ್ ಮೇಲೆ ಬೀಳುವ ಹಾಗೆ ಸೆಟ್ ಮಾಡಿ. ಇನ್ನೂರು ಮೀಟರ್ ಹತ್ತಿರ ಸರಿಯಾಗಿ ಗುರಿಗೆ ಬರುತ್ತದೆ. ಕಡವೆಯ ಎದೆಯ ಭಾಗ ದೊಡ್ಡ ಮೊರದಷ್ಟಿದೆ, ಅಲ್ಲಿಯ ತನಕ ಲೆಕ್ಕವೇ ಬೇಡ. ಅದಕ್ಕಿಂತ ದೂರ ಇದ್ದರೆ ಹತ್ತಿರ ಹೋಗಿ. ಸ್ಟಾಕಿಂಗ್, ಸದ್ದಿಲ್ಲದೆ ಹಿಂಬಾಲಿಸುವ ಬೇಟೆ, ಅಂದರೆ ಅದೇ ಅಲ್ವಾ?

ಸ್ಕೋಪ್‌ಗೆ ಹಣ ಉಳಿಸಿಕೊಳ್ಳಿ. 3-9 ಪವರ್ (ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವುದು), 40 ಎಂಎಂ ಗ್ಲಾಸ್ ಸಾಕು. ನಡೆಯುವಾಗ 3ರಲ್ಲಿಡಿ. ದಟ್ಟ ಕಾಡಿನಲ್ಲಿ ಮೂವತ್ತು ಮೀಟರ್‌ಗೆ ಎದ್ದು ನಿಂತರೆ 9ರಲ್ಲಿ ಬರೀ ಕಂದು ಕೂದಲು ಕಾಣುತ್ತೆ, ತಲೆಯೋ ಬಾಲವೋ ಗೊತ್ತಾಗಲ್ಲ. ಮತ್ತೆ, ಪ್ರಾಣಿ ಯಾವುದು ಅಂತ ನೋಡಲು ಬೈನಾಕ್ಯುಲರ್ ಬೇಕು. ಸ್ಕೋಪ್‌ನಲ್ಲಿ ನೋಡಿದರೆ ಕೋವಿಯನ್ನು ಅದರ ಕಡೆ ತಿರುಗಿಸಿದ ಹಾಗೆ. ಆ ಕಡೆ ಇರುವುದು ಮನುಷ್ಯನಾಗಿದ್ದರೆ?

ತುಂಗಾತೀರ

ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಟಿಕ್ಕಾ ಟಿ3ಎಕ್ಸ್ ಲೈಟ್ ಸ್ಟೇನ್‌ಲೆಸ್, ಎಡಗೈ, .308 ತಗೊಂಡೆ. ಮನೆಯಲ್ಲಿ ಸ್ಟೀಲ್ ಸೇಫ್ ಗೋಡೆಗೆ ಬೋಲ್ಟ್ ಮಾಡಿಸಿದೆ, ಗುಂಡುಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ರೇಂಜ್‌ನಲ್ಲಿ ಗುರಿಗಾರ ಅವರು ಸಿಕ್ಕಿದರು, ಖಾಲಿ ಗುಂಡಿನ ಪರೀಕ್ಷೆ ಅವರೇ ಮಾಡಿಸಿದರು. ಮೊದಲ ದಿನ ನಳಿಗೆ ಕುಕ್ಕಿತು. ನಾಲ್ಕನೇ ವಾರ ನಿಂತಿತು. ಇಲ್ಲಿಯ ತನಕ 180 ಈಡು.

ಹೋದ ಶನಿವಾರ ಜೇಮಿಸನ್ ಮೇಲಿನ ಅದೇ ಕಣಿವೆ. ಚಳಿಗಾಲದಲ್ಲಿ ಇಲ್ಲಿ ಬಿಸಿಲು ಬೀಳುವುದು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ. ಊರಿನ ಲೆಕ್ಕ ಇಲ್ಲಿ ಉಲ್ಟಾ. ಗಾಳಿ ಮುಖಕ್ಕೆ ಬರುವ ಹಾಗೆ ಎರಡು ಗಂಟೆಯಲ್ಲಿ ನಾನೂರು ಮೀಟರ್ ಮಾತ್ರ ನಡೆದೆವು. ಎಂಟೂವರೆಗೆ ಒಂದು ಹೆಣ್ಣು ಕಡವೆ, ಒಂಟಿ, ಮರಿ ಇರಲಿಲ್ಲ. ಬೈನಾಕ್ಯುಲರ್‌ನಲ್ಲಿ ಹತ್ತು ನಿಮಿಷ ನೋಡಿ ಖಚಿತ ಮಾಡಿಕೊಂಡೆ. ಎಂಬತ್ತು ಮೀಟರ್, ಅಡ್ಡ ನಿಂತಿತ್ತು, ಹಿಂದೆ ಮಣ್ಣಿನ ದಿಬ್ಬ. ಮರಕ್ಕೆ ಒರಗಿ ಹೊಡೆದೆ. ಒದೆತ ಗೊತ್ತೇ ಆಗಲಿಲ್ಲ.

ಅದು ಕೂಗಲಿಲ್ಲ. ಬೆನ್ನು ಬಾಗಿಸಿ ಓಡಿ ಮರೆಯಾಯಿತು. ಗೆಳೆಯ ನನ್ನ ಭುಜ ಹಿಡಿದು ಕೂರಿಸಿದ, ಅರ್ಧ ಗಂಟೆ ಅಲ್ಲಾಡಬೇಡ ಅಂದ. ಆಮೇಲೆ ಹೋದರೆ ಜರಿಗಿಡದ ಮೇಲೆ ನೊರೆ ಬೆರೆತ ತಿಳಿ ಕೆಂಪು ರಕ್ತ, ಎರಡೂ ಬದಿಗೆ. ನಲವತ್ತು ಹೆಜ್ಜೆಗೆ ಮಲಗಿತ್ತು. ಜೀವ ಇರಲಿಲ್ಲ. ಕಣ್ಣಿನ ರೆಪ್ಪೆ ಉದ್ದ, ಮೇಲೆ ಇಬ್ಬನಿ ಇತ್ತು. ಕುತ್ತಿಗೆಯ ಒರಟು ಕೂದಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ. ಅಜ್ಜ ನೆನಪಾದರು.

ಮಾಂಸ ಕಾರಿಗೆ ಸಾಗಿಸಲು ಇಬ್ಬರಿಗೂ ಎರಡೆರಡು ಸಲ ಹತ್ತಬೇಕಾಯಿತು. ಒಂದು ಪ್ರಶ್ನೆ ಉಳಿದಿದೆ. ಬಳಸಿದ್ದು 150 ಗ್ರೇನ್ ಸಾಮಾನ್ಯ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಮೆತ್ತಗಿನ ಸೀಸ ಇರುವ ಗುಂಡು), 165 ಬಾಂಡೆಡ್ ಅವತ್ತು ಅಂಗಡಿಯಲ್ಲಿ ಇರಲಿಲ್ಲ. ಗುಂಡು ಆಚೆ ಹೋಗಿದೆ, ಆದರೆ ಆಚೆ ಬದಿಯ ಭುಜದ ಮಾಂಸ ಪೂರ್ತಿ ರಕ್ತ ಕಟ್ಟಿ ಹಾಳಾಗಿದೆ. ಗುಂಡು ಬದಲಿಸಲಾ?

ಗುರಿಗಾರ

ಬದಲಿಸಿ. ಹೆಣ್ಣಾದ್ದರಿಂದ ಆಚೆ ಹೋಗಿದೆ. ದೊಡ್ಡ ಗಂಡಿನ ಭುಜದ ಮೂಳೆಗೆ ಅದೇ ಗುಂಡು ನಿಂತುಬಿಡಬಹುದು. 165 ಬಾಂಡೆಡ್ ಒಂದು ಡಬ್ಬಿ ತಂದು ಮತ್ತೆ ಸೆಟ್ ಮಾಡಬೇಕು, ಹೊಸ ಗುಂಡು ಅದೇ ಜಾಗಕ್ಕೆ ಬೀಳುವುದಿಲ್ಲ. ಮೂಳೆಯಿಂದ ಎರಡು ಬೆರಳು ಹಿಂದೆ ಹಿಡಿಯಿರಿ, ಶ್ವಾಸಕೋಶ ಸಿಗುತ್ತದೆ, ಮಾಂಸವೂ ಉಳಿಯುತ್ತದೆ. ಭಾನುವಾರ ಒಂಬತ್ತಕ್ಕೆ ರೇಂಜ್‌ನಲ್ಲಿ ಇರುತ್ತೇನೆ.

ಕೋವಿಮನೆ

ಓದಿ ಮನಸ್ಸು ತುಂಬಿತು. ರೈಫಲ್ ಸೇಫ್‌ಗೆ ಇಡುವ ಮೊದಲು ಬೋಲ್ಟ್ ಹೊರಗೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ. ಸ್ಟೇನ್‌ಲೆಸ್ ಅಂತ ಬಿಡಬೇಡಿ, ಅದೂ ತುಕ್ಕು ಹಿಡಿಯುತ್ತೆ. ಉಳಿದ ಮಾಂಸದಲ್ಲಿ ಸ್ವಲ್ಪ ಉಪ್ಪು, ಅರಿಶಿನ ಹಚ್ಚಿ ಒಲೆಯ ಮೇಲೆ ಒಣಗಿಸಿ ನೋಡಿ. ಹೇಗೆ ಮಾಡುವುದು ಅಂತ ಬೇಕಿದ್ದರೆ ಬರೆಯುತ್ತೇನೆ.

ತುಂಗಾತೀರ

ಬರೆಯಿರಿ ಅಣ್ಣ. ಭಾನುವಾರ ಒಂಬತ್ತಕ್ಕೆ ಬರುತ್ತೇನೆ.